ತುರೈಫಿನ ಚಳಿಯಲ್ಲಿ ಬಾಣಂತಿ ನೀರು

ಸೌದಿಗೆ ಹೋಗಿ ಬಂದೆ ಅಂದರೆ ನಮ್ಮೂರಲ್ಲಿ ಎಲ್ಲರೂ ಕೇಳುವುದು ಒಂದೇ, ಸೆಕೆ ಹೇಗಿತ್ತು ಅಂತ. ಸೆಕೆ ಅಲ್ಲ ಮಾರಾಯ್ರೆ, ನಲ್ಲಿಯ ಪೈಪಿನೊಳಗೆ ನೀರು ಕಲ್ಲಾಗಿತ್ತು ಅಂದರೆ ನನ್ನ ಮುಖ ನೋಡಿ ನಗುತ್ತಾರೆ. ಬಾಗಿಲಿಗೆ ಬರುವ ಮೀನಿನವಳಂತೂ, ಅಕ್ಕ, ನಿಮ್ಮನ್ನು ಸೌದಿ ಅಂತ ಹೇಳಿ ಬೇರೆಲ್ಲಿಗೋ ಕರಕೊಂಡು ಹೋಗಿದ್ದಾರೆ ಅಂದುಬಿಟ್ಟಳು. ಅವಳನ್ನು ಬೈದು ಪ್ರಯೋಜನವಿಲ್ಲ. ನಾನೂ ಹೋಗುವ ಮೊದಲು ಹಾಗೇ ತಿಳಿದವಳು. ಪೆಟ್ಟಿಗೆ ತುಂಬ ಹತ್ತಿ ಸೀರೆ ತುರುಕಿ, ಬಿಸಿಲಿಗೆ ಇರಲಿ ಅಂತ ಒಂದು ಕೊಡೆಯನ್ನೂ ಇಟ್ಟುಕೊಂಡು ವಿಮಾನ ಹತ್ತಿದವಳು.

ಹೋದದ್ದು ಮಗಳ ಬಾಣಂತನಕ್ಕೆ. ಮದುವೆಯಾದ ಮೇಲೆ ಅವಳೂ ಅಳಿಯನೂ ಜಿದ್ದಾದ ಅಜೀಜಿಯಾ ಅನ್ನುವ ಬಡಾವಣೆಯಲ್ಲಿದ್ದರು. ಅಲ್ಲಿ ಮೆಟ್ಟಿಲಿಳಿದರೆ ನಮ್ಮ ಕಡೆಯ ಮಾತು ಕೇಳುತ್ತದೆ, ಭಟ್ಕಳದವರು, ಮಂಗಳೂರಿನವರು, ಮೈಸೂರಿನವರು ಎಲ್ಲ ಇದ್ದಾರೆ ಅಂತ ಅವಳು ಫೋನಿನಲ್ಲಿ ಹೇಳುತ್ತಿದ್ದಳು. ಅವಳು ಬಸುರಿಯಾದ ಹೊತ್ತಿನಲ್ಲೇ ಅಳಿಯನ ಕಂಪೆನಿ ಅವರನ್ನು ಉತ್ತರದ ತುರೈಫಿಗೆ, ಊರಾಚೆಯ ಗಣಿಯ ಕೆಲಸಕ್ಕೆ ಹಾಕಿತು. ಜೋರ್ಡಾನ್ ಗಡಿಯ ಹತ್ತಿರದ ಸಣ್ಣ ಊರು. ಕನ್ನಡ ಹೋಗಲಿ, ಅವಳಿಗೆ ಮಾತಾಡಿಸಲು ಒಂದು ಪರಿಚಯದ ಮುಖವೂ ಅಲ್ಲಿರಲಿಲ್ಲ. ನನ್ನ ವೀಸಾ ಬರುವುದು ತಡವಾಯಿತು. ನಾನು ತಲುಪುವಾಗ ಕೂಸು ಹುಟ್ಟಿ, ಆಸ್ಪತ್ರೆಯಿಂದ ಮನೆಗೂ ಬಂದಾಗಿತ್ತು. ಹೆಣ್ಣು ಕೂಸು, ತಲೆ ತುಂಬ ಕೂದಲು.

ಬಾಗಿಲು ತೆಗೆದ ಮಗಳನ್ನು ನೋಡಿ ನಾನು ಕೈಯ ಚೀಲ ಕೆಳಗಿಡುವುದನ್ನೂ ಮರೆತೆ. ಸೊರಗಿದ್ದಳು ಅಂತಲ್ಲ, ಹೆತ್ತವರು ಸೊರಗುವುದು ಇದ್ದದ್ದೇ. ಅವಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು, ಮನೆಯಲ್ಲಿ ಮಿಕ್ಸಿ ಹಾಳಾದರೂ ನನಗೆ ಕ್ಲಾಸು ತೆಗೆದುಕೊಳ್ಳುತ್ತಿದ್ದವಳು, ಬಾಯಿ ಮುಚ್ಚು ಮಾರಾಯ್ತಿ ಅಂತ ದಿನಕ್ಕೊಂದು ಸಲ ಹೇಳಿಸಿಕೊಳ್ಳುತ್ತಿದ್ದವಳು. ಈಗ ಕೇಳಿದ್ದಕ್ಕೆಲ್ಲ ಹೂಂ, ಇಲ್ಲದಿದ್ದರೆ ಉಹೂಂ. ಅತ್ತರೆ ಸಮಾಧಾನ ಮಾಡಬಹುದಿತ್ತು, ಅಳುತ್ತಲೂ ಇರಲಿಲ್ಲ. ಗೋಡೆ ನೋಡಿಕೊಂಡು ಮಲಗುತ್ತಿದ್ದಳು. ಕೂಸು ಅತ್ತರೆ ನಾನು ಎತ್ತಿ ಅವಳ ಮಡಿಲಲ್ಲಿ ಇಡಬೇಕು. ಹಾಲು ಕುಡಿಸುವಳು, ಅದರಲ್ಲಿ ಕೊರತೆ ಮಾಡಲಿಲ್ಲ. ಕುಡಿಸಿಯಾದ ಮೇಲೆ ಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ವಾಪಸು ಕೊಡುವ ಹಾಗೆ ನನ್ನ ಕೈಗೆ ಕೊಡುವಳು. ತಾನಾಗಿ ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ಅಳಿಯ ಪಾಪ, ಅಡುಗೆಮನೆಗೆ ಬಂದು ನಿಂತು, ಅತ್ತೆ, ನಾನು ಏನಾದರೂ ತಪ್ಪು ಮಾಡಿದೆನಾ ಅಂತ ಮೆಲ್ಲಗೆ ಕೇಳಿದರು. ಡಾಕ್ಟರರಿಗೂ ತೋರಿಸಿದೆವು. ಹೆತ್ತ ಮೇಲೆ ಕೆಲವರ ಮನಸ್ಸು ಹೀಗೆ ಕುಗ್ಗುವುದುಂಟು, ನಾಚಿಕೆಪಡುವ ವಿಷಯವಲ್ಲ, ಒಬ್ಬಳನ್ನೇ ಬಿಡಬೇಡಿ, ಮಾತಾಡಿಸಿ, ಮುಂದಿನ ವಾರ ಮತ್ತೆ ಕರಕೊಂಡು ಬನ್ನಿ ಅಂದರು ಆ ಡಾಕ್ಟರಮ್ಮ. ಮಾತಾಡಿಸಿ ಅಂತ ಹೇಳುವುದು ಸುಲಭ. ಊರಿನ ಸುದ್ದಿ ಹೇಳಿದೆ, ಯಾರ್ಯಾರ ಮದುವೆ ಮುರಿಯಿತು ಅಂತ ಹೇಳಿದೆ, ಕೊನೆಗೆ ಸುಮ್ಮನೆ ಜಗಳ ತೆಗೆದೂ ನೋಡಿದೆ. ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

ಹಾಗಾದರೆ ನನಗೆ ಗೊತ್ತಿರುವುದನ್ನು ಮಾಡುತ್ತೇನೆ ಅಂತ ಹಟಕ್ಕೆ ಬಿದ್ದೆ. ನನಗೆ ಗೊತ್ತಿರುವುದು ಬಾಣಂತಿಯನ್ನು ಮೀಸುವುದು. ನನ್ನ ಅಮ್ಮ ನನ್ನನ್ನು ಮೀಸಿದ್ದಳು, ಅವಳ ಅಮ್ಮ ಅವಳನ್ನು. ಎರಡು ತಂಬಿಗೆ ನೀರು ಮೈಮೇಲೆ ಹೊಯ್ದುಬಿಟ್ಟರೆ ಅದು ಬಾಣಂತಿ ಸ್ನಾನ ಅಲ್ಲ. ಮೊದಲು ಮೈಗೆಲ್ಲ ಎಣ್ಣೆ ತಿಕ್ಕಬೇಕು. ಆಮೇಲೆ ಮಣೆಯ ಮೇಲೆ ಕೂರಿಸಿ, ತಡೆದುಕೊಳ್ಳುವಷ್ಟು ಬಿಸಿಯ ನೀರನ್ನು ಬೆನ್ನಿಗೆ, ಸೊಂಟಕ್ಕೆ ಬೀಸಿ ಬೀಸಿ ಹೊಯ್ಯಬೇಕು, ಹಂಡೆ ಖಾಲಿಯಾಗುವವರೆಗೆ. ಮಿಂದ ಮೇಲೆ ಹೊಟ್ಟೆಗೆ ಹಳೆಯ ಹತ್ತಿ ಸೀರೆ ಬಿಗಿಯಾಗಿ ಸುತ್ತಿ, ಕಂಬಳಿ ಹೊದಿಸಿ ಮಲಗಿಸಬೇಕು. ನೀರಿಗೆ ಹಾಕುವ ನೆಕ್ಕಿ ಸೊಪ್ಪನ್ನು ಒಣಗಿಸಿಟ್ಟಿದ್ದೆ. ಏರ್‌ಪೋರ್ಟಿನಲ್ಲಿ ಅದೇನು ಸೊಪ್ಪು ಅಂತ ಕೂರಿಸಿಕೊಂಡರೆ ಕಷ್ಟ ಅಂತ ಅಳಿಯ ಹೆದರಿಸಿದ್ದರಿಂದ ಅದು ಊರಲ್ಲೇ ಉಳಿಯಿತು. ಎಣ್ಣೆ ಮಾತ್ರ ಬಂತು. ಆ ಎಣ್ಣೆಯೇ ನನಗೆ ತುರೈಫಿನ ಚಳಿಯನ್ನು ಮೊದಲು ತೋರಿಸಿದ್ದು. ನಮ್ಮಲ್ಲಿ ಡಿಸೆಂಬರಿನ ಬೆಳಿಗ್ಗೆ ತೆಂಗಿನೆಣ್ಣೆ ಸ್ವಲ್ಪ ಮಂದವಾದರೆ ಅದೇ ದೊಡ್ಡ ಚಳಿ. ಇಲ್ಲಿ ಬಾಟಲಿಗೆ ಚಮಚದ ಹಿಡಿ ಹಾಕಿ ಕೆತ್ತಿ ತೆಗೆಯಬೇಕಾಯಿತು.

ಹಂಡೆ ಎಲ್ಲಿ ಸಿಗಬೇಕು? ಅಳಿಯ ಪೇಟೆಗೆ ಹೋಗಿ ಬಿರಿಯಾನಿ ಮಾಡುವ ದೊಡ್ಡ ಅಲ್ಯೂಮಿನಿಯಂ ಪಾತ್ರೆ ತಂದರು. ಗೀಸರಿನ ನೀರನ್ನು ಅದಕ್ಕೆ ತುಂಬಿಸಿ ಗ್ಯಾಸಿನ ಮೇಲೆ ಇನ್ನಷ್ಟು ಕಾಯಿಸಿ, ಬಕೆಟ್ಟಿಗೆ ಹಾಕಿ, ಬಚ್ಚಲಿಗೆ ಸಾಗಿಸಿದೆ. ಮೊದಲ ದಿನ ಮೀಸುವಾಗ, ನೀರು ಬೆನ್ನಿನ ಮೇಲೆ ಬೀಳುತ್ತಿದ್ದಂತೆ ಅವಳ ಹೆಗಲು ಕುಣಿಯುವುದು ಕಂಡಿತು. ನೀರು ಬಿಸಿ ಹೆಚ್ಚಾಯಿತೇನೋ ಅಂದುಕೊಂಡೆ. ಅಲ್ಲ, ಅಳುತ್ತಿದ್ದಳು. ನೀರಿನ ಸದ್ದಿನ ಅಡಿಯಲ್ಲಿ, ಯಾರಿಗೂ ಕೇಳಲಿಕ್ಕಿಲ್ಲ ಅನ್ನುವ ಧೈರ್ಯದಲ್ಲಿ ಅಳುತ್ತಿದ್ದಳು. ನಾನು ತಂಬಿಗೆ ನಿಲ್ಲಿಸಲಿಲ್ಲ. ನಾನು ನೋಡಿದೆ ಅಂತ ಗೊತ್ತಾದರೆ ಅದನ್ನೂ ನುಂಗಿಕೊಳ್ಳುತ್ತಾಳೆ ಅಂತ ಹೆದರಿಕೆಯಾಗಿ, ಇನ್ನೂ ಜೋರಾಗಿ ಹೊಯ್ದೆ. ಆ ದಿನ ಮಿಂದು ಮಲಗಿದವಳು ಮಗುವಿನಂತೆ ನಿದ್ದೆ ಹೊಡೆದಳು. ಎದ್ದು ಒಂದು ಬಟ್ಟಲು ಮೆಂತೆ ಗಂಜಿ ಕುಡಿದಳು.

ಆಮೇಲೆ ದಿನವೂ ಹಾಗೆಯೇ ಆಯಿತು. ಇಡೀ ದಿನದಲ್ಲಿ ಅವಳ ಒಳಗಿನದು ಹೊರಗೆ ಬರುತ್ತಿದ್ದುದು ಆ ಒಂದು ಹೊತ್ತಿನಲ್ಲಿ ಮಾತ್ರ. ಆಕಾಶ ಕಳಚಿ ಬಿದ್ದರೂ ಈ ಸ್ನಾನ ತಪ್ಪಿಸುವುದಿಲ್ಲ ಅಂತ ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಒಂದು ದಿನ ತಪ್ಪಿದರೆ ಮರುದಿನ ಬೇಡ ಅನ್ನುತ್ತಾಳೆ, ಮತ್ತೆ ಅವಳನ್ನು ಆ ಹಾಸಿಗೆಯಿಂದ ಎಬ್ಬಿಸುವುದು ನನ್ನಿಂದ ಆಗುವ ಕೆಲಸವಲ್ಲ ಅಂತ ನನಗೆ ಗೊತ್ತಿತ್ತು.

ಈಗ ನಮ್ಮ ಬುದ್ಧಿವಂತಿಕೆಯ ಕಥೆ ಕೇಳಿ. ಅಷ್ಟು ಬಿಸಿನೀರು ಹೊಯ್ದರೆ ಬಚ್ಚಲಿನ ಗೋಡೆಯೆಲ್ಲ ಬೆವರುತ್ತಿತ್ತು. ಕರಾವಳಿಯಲ್ಲಿ ಹುಟ್ಟಿದವಳಿಗೆ ಒದ್ದೆ ಗೋಡೆ ಕಂಡರೆ ಆಗುವುದಿಲ್ಲ, ಕೂಡಲೇ ಬೂಸಲು ಹಿಡಿಯುತ್ತದೆ ಅನ್ನುವ ಚಿಂತೆ. ಊರಲ್ಲಿ ಮಿಂದ ಮೇಲೆ ಬಚ್ಚಲಿನ ಕಿಟಕಿ ತೆರೆದಿಡುವುದು ನನಗೆ ಉಸಿರಾಡುವಷ್ಟೇ ಅಭ್ಯಾಸ. ಇಲ್ಲಿಯೂ ಸಣ್ಣ ಕಿಟಕಿಯೊಂದಿತ್ತು. ಅದನ್ನು ಪೂರ್ತಿ ತೆರೆದು, ಗಾಳಿಗೆ ಮುಚ್ಚದ ಹಾಗೆ ಬಟ್ಟೆಯ ಬ್ರಷ್ಷು ಸಿಕ್ಕಿಸಿ ಇಡುತ್ತಿದ್ದೆ. ಅದು ಹಳೆಯ ಮನೆ, ತಾರಸಿಯ ಟ್ಯಾಂಕಿನಿಂದ ಬರುವ ಪೈಪು ಗೋಡೆಯ ಒಳಗೆ ಹೂತಿರಲಿಲ್ಲ, ಆ ಕಿಟಕಿಯ ಅಡಿಯಲ್ಲೇ ಬರಿಮೈಯಲ್ಲಿ ಹಾದು ಗೀಸರಿಗೂ ಮನೆಯ ನಲ್ಲಿಗಳಿಗೂ ಹೋಗುತ್ತಿತ್ತು. ಅದನ್ನು ನಾನು ಗಮನಿಸಿದ್ದೂ ಇಲ್ಲ.

ನಾವು ಬಾಡಿಗೆಗಿದ್ದದ್ದು ಮೇಲಿನ ಮಹಡಿಯಲ್ಲಿ, ಕೆಳಗೆ ಮನೆಯ ಮಾಲೀಕರ ತಾಯಿ ಇದ್ದರು, ನನಗಿಂತ ದೊಡ್ಡವರು. ನಮ್ಮೂರ ಬ್ಯಾರಿ ಮುಸ್ಲಿಮರ ಮನೆಯಲ್ಲಿ ತಾಯಿಗೆ ಉಮ್ಮ ಅನ್ನುತ್ತಾರಲ್ಲ, ಹಾಗಾಗಿ ಆ ಒಂದು ಅರಬಿ ಮಾತು ನನಗೆ ಮೊದಲೇ ಗೊತ್ತಿತ್ತು. ನಾನು ಅವರನ್ನು ಉಮ್ಮ ಅಂತಲೇ ಕರೆದೆ, ಅವರಿಗೂ ಖುಷಿಯಾಯಿತು. ಒಂದು ದಿನ ಅವರು ಅಂಗಳದಲ್ಲಿ ನಿಂತು ನಮ್ಮ ಬಚ್ಚಲಿನ ಕಿಟಕಿಯತ್ತ ಕೈ ಬೀಸಿದರು. ಎಷ್ಟು ಒಳ್ಳೆಯ ಹೆಂಗಸು ಅಂದುಕೊಂಡು ನಾನೂ ಮೇಲಿನಿಂದ ಕೈ ಬೀಸಿದೆ. ಅವರು ಇನ್ನೂ ಜೋರಾಗಿ ಬೀಸಿದರು, ನಾನೂ ಜೋರಾಗಿ ಬೀಸಿದೆ. ಮುಚ್ಚು ಅಂತ ಹೇಳುತ್ತಿದ್ದಾರೆ ಅಂತ ನನ್ನ ಮಂಡೆಗೆ ಹೋಗಲೇ ಇಲ್ಲ.

ಇನ್ನು ಅಳಿಯ. ಅವರು ಜಿದ್ದಾದಲ್ಲಿ ಟ್ಯಾಂಕರ್ ನೀರಿನಲ್ಲಿ ಸಂಸಾರ ಮಾಡಿದವರು. ಮಲಗುವ ಮೊದಲು ಮನೆಯ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತಿರುವಿ, ಒಂದು ಹನಿ ಬೀಳದ ಹಾಗೆ ಬಿಗಿ ಮಾಡಿದರೆ ಮಾತ್ರ ಅವರಿಗೆ ನಿದ್ದೆ. ಗಡಿಯಾಚೆಯಿಂದ ಚಳಿಗಾಳಿ ಬರುತ್ತದೆ ಅಂತ ಫೋನಿನಲ್ಲಿ ಎಚ್ಚರಿಕೆ ಬಂದ ದಿನ, ನಲ್ಲಿಗಳನ್ನು ನೂಲಿನಷ್ಟು ತೆರೆದಿಡಿ, ಓಡುವ ನೀರು ಹೆಪ್ಪುಗಟ್ಟುವುದಿಲ್ಲ ಅಂತ ಉಮ್ಮ ಅವರಿಗೆ ಮೆಟ್ಟಿಲಲ್ಲಿ ಹೇಳಿದರಂತೆ. ಅಳಿಯ ಊಟಕ್ಕೆ ಕೂತಾಗ ಅದನ್ನು ತಮಾಷೆಯಾಗಿ ಹೇಳಿದರು, ಇಲ್ಲಿಯವರಿಗೆ ನೀರಿನ ಬೆಲೆಯೇ ಗೊತ್ತಿಲ್ಲ ಅತ್ತೆ ಅಂತ. ಹೌದೌದು, ನಲ್ಲಿ ಸೋರಲು ಬಿಡುವ ಮನೆಗೆ ಲಕ್ಷ್ಮಿ ಬರುವುದುಂಟಾ ಅಂತ ನಾನೂ ತಾಳ ಹಾಕಿದೆ. ಇಬ್ಬರೂ ಸಮುದ್ರದ ಬದಿಯವರು, ಇಬ್ಬರಿಗೂ ಒಂದೇ ಬುದ್ಧಿ. ಮರುದಿನ ಅವರು ಗಣಿಯ ಪಾಳಿಗೆ ಹೋದರು. ಅಲ್ಲಿಗೆ ಹೋದರೆ ಕೆಲವು ದಿನ ಅಲ್ಲೇ ಇರಬೇಕು. ಹೋಗುವ ಮುಂಚೆ ನಲ್ಲಿಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿಯೇ ಹೋದರು.

ಅವರು ಹೋದ ಮಾರನೆಯ ಬೆಳಿಗ್ಗೆ ನಾನು ಪಾತ್ರೆ ತುಂಬಿಸಲು ನಲ್ಲಿ ತಿರುವಿದೆ. ನಲ್ಲಿ ಒಮ್ಮೆ ಕೆಮ್ಮಿತು, ಒಂದು ಹನಿ ಬಿತ್ತು, ಅಷ್ಟೇ. ಅಡುಗೆಮನೆಯದ್ದೂ ಹಾಗೇ. ಬಚ್ಚಲಿಗೆ ಕಾಲಿಟ್ಟರೆ ನೆಲ ಕಾಲಿಗೆ ಕಚ್ಚಿತು. ಕಿಟಕಿಯ ಅಡಿಯ ಪೈಪಿನ ಮೇಲೆ ಬಿಳಿಯ ಹುಡಿ ಕೂತಿತ್ತು. ಉಗುರಿನಿಂದ ಕೆರೆದೆ, ಮಂಜು. ಊರಲ್ಲಿ ಐಸ್‌ಕ್ಯಾಂಡಿ ಪೆಟ್ಟಿಗೆಯಲ್ಲಿ ಬಿಟ್ಟರೆ ನಾನು ಅದನ್ನು ಬೇರೆಲ್ಲೂ ಮುಟ್ಟಿದವಳಲ್ಲ. ಕೈಕಾಲು ತಣ್ಣಗಾಯಿತು ಅಂತ ಬರೆಯುತ್ತಾರಲ್ಲ, ನನ್ನದು ಎರಡೂ ರೀತಿಯಲ್ಲಿ ಆಯಿತು.

ಅಳಿಯನಿಗೆ ಫೋನು ಮಾಡಿದೆ. ಅವರು ಮೊದಲು, ಗೀಸರ್ ಆಫ್ ಮಾಡಿ ಅತ್ತೆ, ನೀರಿಲ್ಲದೆ ಅದು ಉರಿಯಬಾರದು ಅಂದರು. ಆಮೇಲೆ ಪ್ಲಂಬರನ್ನು ವಿಚಾರಿಸಿ ಮತ್ತೆ ಫೋನು ಮಾಡಿದರು. ಊರಿಗೆ ಊರೇ ಪೈಪು ಕಟ್ಟಿ ಕೂತಿದೆಯಂತೆ, ನಮ್ಮ ಸರದಿ ಬರುವಾಗ ಸಂಜೆಯೋ ನಾಳೆಯೋ. ತಾವು ಬರುವುದೂ ನಾಳೆಯೇ, ದಾರಿಯಲ್ಲಿ ಮಂಜು ಮುಸುಕಿ ಗಾಡಿ ಬಿಡುತ್ತಿಲ್ಲ. ಕುಡಿಯುವ ನೀರಿನ ಕ್ಯಾನು ಅರ್ಧ ಉಂಟಲ್ಲ, ಇವತ್ತೊಂದು ದಿನ ಸ್ನಾನ ಬಿಟ್ಟುಬಿಡಿ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಆದರೂ ನನಗೆ ಮೈ ಉರಿಯಿತು. ಕೋಣೆಯಿಂದ ಮಗಳು ಎಲ್ಲ ಕೇಳಿಸಿಕೊಂಡಿದ್ದಳು. ಇವತ್ತು ನೀರಿಲ್ಲವಾ ಅಂತ ಕೇಳಿದಳು. ಇಲ್ಲ ಅಂದೆ. ಒಳ್ಳೆಯದಾಯ್ತು ಅಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಹೆದರಿದ್ದು ಇದಕ್ಕೇ ಅಲ್ಲವಾ?

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕ್ಯಾನಿನ ನೀರನ್ನೇ ಕೊತಕೊತ ಕುದಿಸಿ, ಪೈಪಿನ ಮೇಲೆ ಹೊಯ್ದುಬಿಡುವುದು ಅಂತ ತೀರ್ಮಾನಿಸಿದೆ. ಕುದಿಯುವ ನೀರಿಗೆ ಯಾವ ಮಂಜು ನಿಲ್ಲುತ್ತದೆ? ಪಾತ್ರೆ ಹಿಡಿದು ಬಚ್ಚಲಿಗೆ ಹೋಗುವುದಕ್ಕೂ ಉಮ್ಮ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ನಮ್ಮ ನಲ್ಲಿ ಓಡುವ ಸದ್ದು ಕೇಳದೆ ಅವರೇ ಮೆಟ್ಟಿಲು ಹತ್ತಿ ಬಂದಿದ್ದರು. ಕೈಯಲ್ಲಿ ಒಂದು ಬಕೆಟ್ ನೀರು. ಅವರ ನಲ್ಲಿಗಳನ್ನು ನೂಲಿನಷ್ಟು ತೆರೆದಿಟ್ಟಿದ್ದರಿಂದ ಕೆಳಗೆ ನೀರು ಓಡುತ್ತಲೇ ಇತ್ತು. ನನ್ನ ಕೈಯ ಕುದಿಯುವ ಪಾತ್ರೆ ನೋಡಿ, ಲಾ ಲಾ ಅನ್ನುತ್ತ ಅಡ್ಡ ನಿಂತರು. ಎರಡು ಮುಷ್ಟಿ ಒಟ್ಟು ಹಿಡಿದು ಫಟ್ ಅಂತ ಬಿಡಿಸಿ ತೋರಿಸಿದರು. ತಣ್ಣಗಿನ ಗಾಜಿನ ಲೋಟಕ್ಕೆ ಬಿಸಿ ಚಹಾ ಹಾಕಿದರೆ ಏನಾಗುತ್ತದೆ ಅಂತ ಯಾವ ಭಾಷೆಯ ಹೆಂಗಸಿಗಾದರೂ ಗೊತ್ತು. ನಾನು ಪಾತ್ರೆ ಕೆಳಗಿಟ್ಟೆ.

ಉಮ್ಮ ಮೊದಲು ಮಾಡಿದ ಕೆಲಸ ಕಿಟಕಿಯ ಬ್ರಷ್ಷು ಕಿತ್ತು, ಕಿಟಕಿ ಮುಚ್ಚಿ, ನನ್ನ ಮುಖ ನೋಡಿ, ಅಂಗಳದಿಂದ ಕೈ ಬೀಸಿದ ಹಾಗೆ ಮತ್ತೊಮ್ಮೆ ಬೀಸಿದ್ದು. ನನಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂತು. ಆಮೇಲೆ ಬಚ್ಚಲಿನ ನಲ್ಲಿಯನ್ನು ತೆರೆದೇ ಬಿಟ್ಟರು, ಕರಗಿದ ನೀರಿಗೆ ದಾರಿ ಬೇಕಲ್ಲ. ಟವೆಲನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಪೈಪಿಗೆ ಸುತ್ತಿ ತೋರಿಸಿದರು. ತಣ್ಣಗಾದ ಹಾಗೆ ಮತ್ತೆ ಅದ್ದು, ಮತ್ತೆ ಸುತ್ತು. ಕೋಣೆಯ ಕಡೆ ನೋಡಿ, ತೋಳಿನಲ್ಲಿ ಕೂಸು ತೂಗುವ ಹಾಗೆ ಮಾಡಿ, ಏನು ಅಂತ ಹುಬ್ಬು ಎತ್ತಿದರು. ಕೂಸಿಗಲ್ಲ, ಮಗಳ ಮನಸ್ಸಿಗೆ ಹುಷಾರಿಲ್ಲ ಅಂತ ತಿಳಿಸಲು ನಾನು ನನ್ನ ಎದೆಯ ಮೇಲೆ ಕೈ ಇಟ್ಟು ತಲೆ ಅಲ್ಲಾಡಿಸಿದೆ. ಅವರಿಗೆ ಅರ್ಥವಾಯಿತು. ನನ್ನ ಕೆನ್ನೆ ಸವರಿ, ಹೂಂ, ಶುರು ಮಾಡು ಅನ್ನುವ ಹಾಗೆ ಯಲ್ಲಾ ಅಂದರು. ಅವರ ಮನೆ ತುಂಬ ಮಕ್ಕಳು, ಅಡುಗೆ ಬಾಕಿ ಇತ್ತು, ಇಳಿದು ಹೋದರು.

ಉಮ್ಮ ತಂದ ಒಂದು ಬಕೆಟ್ಟನ್ನು ಮಗಳ ಮೈಗೆ ಹೊಯ್ದು ಸ್ನಾನ ಆಯಿತು ಅನ್ನಬಹುದಿತ್ತು. ಆದರೆ ಪೈಪು ಒಡೆದರೆ ನಾಳೆಯ ನೀರೂ ಇಲ್ಲ, ನಾಡಿದ್ದಿನದ್ದೂ ಇಲ್ಲ. ಆ ನೀರನ್ನು ಕಾಯಿಸಿ ಟವೆಲಿಗೆ ಇಟ್ಟುಕೊಂಡೆ. ನೆಲ ಒರೆಸಿ ಒಣಗಿಸಿ, ಮಗಳ ಕೂದಲು ಒಣಗಿಸುವ ಡ್ರೈಯರನ್ನೂ ತಂದು ಹೊರಗಿನ ಪ್ಲಗ್ಗಿಗೆ ಹಾಕಿದೆ. ಒಂದು ಕೈಯಲ್ಲಿ ಡ್ರೈಯರು, ಇನ್ನೊಂದರಲ್ಲಿ ಟವೆಲು. ಮೊಣಕಾಲು ಬೇಡ ಬೇಡ ಅಂದಿತು, ಯಾರು ಕೇಳುತ್ತಾರೆ? ಕಿಟಕಿಯ ಅಡಿಯಲ್ಲಿ ಪೈಪು ಹೊರಗಿನಿಂದ ಗೋಡೆ ತೂರಿ ಒಳಕ್ಕೆ ಬರುವ ಕಡೆ, ಮಂಜು ಎಲ್ಲಕ್ಕಿಂತ ದಪ್ಪ ಇರುವ ಕಡೆಗೇ ಬಿಸಿಗಾಳಿ ಹಿಡಿದೆ. ಎಷ್ಟು ಹಿಡಿದರೂ ಸುದ್ದಿಯಿಲ್ಲ. ನಿನ್ನಪ್ಪನ ಮನೆ ಗಂಟೇನು ಹೋಗುತ್ತದೆ, ಬಿಡು ನೀರು ಅಂತ ಪೈಪಿಗೇ ಬೈದೆ.

ಹಿಂದಿನಿಂದ ಸ್ವರ ಬಂತು.

“ಅಮ್ಮ, ಅಲ್ಲಲ್ಲ. ನಲ್ಲಿಯ ಕಡೆಯಿಂದ ಶುರು ಮಾಡು. ಮಧ್ಯದಲ್ಲಿ ಕರಗಿಸಿದರೆ ಆ ನೀರು ಎಲ್ಲಿಗೆ ಹೋಗಬೇಕು?”

ಓರೆಗಣ್ಣಿನಲ್ಲಿ ನೋಡಿದೆ, ಮಗಳು ಬಾಗಿಲಲ್ಲಿ ನಿಂತಿದ್ದಳು, ಕಂಬಳಿ ಹೊದ್ದುಕೊಂಡು, ಕಿವಿಗೆ ಬಟ್ಟೆ ಕಟ್ಟಿಕೊಂಡು. ನಾನು ಬಂದ ಮೇಲೆ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು, ಅದೂ ನನ್ನನ್ನು ಗದರಿಸಲು. ಪೂರ್ತಿ ತಿರುಗಿ ನೋಡಿದರೆ ಎಲ್ಲಿ ಹೋಗಿಬಿಡುತ್ತಾಳೋ ಅಂತ, ಹಾಗಾದರೆ ನೀನೇ ಹಿಡಿ, ಅಷ್ಟು ಗೊತ್ತಿದ್ದರೆ ಅಂದು ಡ್ರೈಯರನ್ನು ಹಿಂದಕ್ಕೆ ಚಾಚಿದೆ. ಬಾಣಂತಿಯನ್ನು ತಣ್ಣನೆಯ ನೆಲದಲ್ಲಿ ಕೂರಿಸುವುದಾ ಅಂತ ನನ್ನ ಅಮ್ಮ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದಳು. ಮಣೆಯ ಮೇಲೆ ಎರಡು ದಿಂಬು ಹಾಕಿ ಕೂರಿಸಿದೆ. ಅವಳು ನಲ್ಲಿಯ ಬುಡದಿಂದ ಡ್ರೈಯರನ್ನು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಕೂತಳು, ನಾನು ಟವೆಲು ಬದಲಿಸುತ್ತ ಕೂತೆ. ಕೂಸು ಕೋಣೆಯ ತೊಟ್ಟಿಲಲ್ಲಿ ಮಲಗಿತ್ತು.

ಸ್ವಲ್ಪ ಹೊತ್ತಿಗೆ ಡ್ರೈಯರು ತುಂಬ ಬಿಸಿಯಾಯಿತು, ತಣಿಯಲಿ ಅಂತ ಅವಳು ಅದನ್ನು ಆರಿಸಿದಳು. ಆಗ ಬಚ್ಚಲು ಎಷ್ಟು ಸ್ತಬ್ಧವಾಯಿತು ಅಂದರೆ, ನನ್ನ ಟವೆಲಿನಿಂದ ಬೀಳುವ ಹನಿಯೂ ಕೇಳುತ್ತಿತ್ತು. ದಿನವೂ ಅವಳು ಅಳುತ್ತಿದ್ದ ಜಾಗ ಅದು. ಇವತ್ತು ಮುಚ್ಚಿಕೊಳ್ಳಲು ನೀರಿನ ಸದ್ದು ಇರಲಿಲ್ಲ. ನಾನು ಪೈಪನ್ನೇ ನೋಡುತ್ತ ಕೂತೆ.

“ಅಮ್ಮ, ನನಗೆ ಅದರ ಮೇಲೆ ಪ್ರೀತಿ ಬರ್ತಾ ಇಲ್ಲ. ಎಲ್ಲರಿಗೂ ನೋಡಿದ ಕೂಡಲೇ ಬರ್ತದಂತೆ. ನನಗೆ ಏನೂ ಆಗ್ತಾ ಇಲ್ಲ. ನಾನು ಕೆಟ್ಟವಳಾ?”

ಈ ಮಾತನ್ನು ಅವಳು ಎಷ್ಟು ದಿನದಿಂದ ಹೊತ್ತುಕೊಂಡು ತಿರುಗಿದ್ದಳೋ ದೇವರಿಗೇ ಗೊತ್ತು. ಛೆ ಛೆ ಹಾಗೆಲ್ಲ ಹೇಳಬಾರದು ಅಂತ ನಾಲಿಗೆಯ ತುದಿಗೆ ಬಂದಿತ್ತು. ಹಾಗಂದಿದ್ದರೆ ಅವಳು ಮತ್ತೆ ಗೋಡೆಗೆ ಮುಖ ಮಾಡುತ್ತಿದ್ದಳು, ಅದು ನಿಶ್ಚಯ. ನುಂಗಿಕೊಂಡೆ. ಟವೆಲು ಹಿಂಡುತ್ತ, ಅಕ್ಕಿ ಮುಗಿದಿದೆ ಅನ್ನುವಷ್ಟೇ ಸಾದಾ ಸ್ವರದಲ್ಲಿ ಹೇಳಿದೆ.

“ಬರದಿದ್ದರೆ ಬರುವಾಗ ಬರಲಿ. ಅಲ್ಲಿಯವರೆಗೆ ಅದನ್ನು ನೋಡಿಕೊಳ್ಳಲು ನಾನಿದ್ದೇನೆ, ನಿನ್ನನ್ನು ನೋಡಿಕೊಳ್ಳಲೂ ನಾನೇ ಇದ್ದೇನೆ. ನೀನು ಕೆಟ್ಟವಳಲ್ಲ ಮಗಾ, ನಿನಗೆ ಹುಷಾರಿಲ್ಲ. ಇದನ್ನೇ ಡಾಕ್ಟರಮ್ಮನಿಗೂ ಹೇಳುವಾ, ನಾನು ಪಕ್ಕದಲ್ಲೇ ಕೂತಿರ್ತೇನೆ.”

ಆಗ ಅವಳು ಅತ್ತಳು. ಬಾಯಿ ಬಿಟ್ಟು, ಚಿಕ್ಕವಳಿದ್ದಾಗ ಮೊಣಕಾಲು ಕೆತ್ತಿಕೊಂಡು ಬಂದು ಅಳುತ್ತಿದ್ದ ಹಾಗೆ, ಮೂಗು ಸೋರಿಸಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳು ಹೇಳುವುದಿಲ್ಲ. ಅಳುತ್ತಲೇ ಟವೆಲು ಬದಲಿಸಿದೆ, ಯಾಕೆಂದರೆ ನಾವು ಅಳುತ್ತ ಕೂತರೆ ಅದು ತಣ್ಣಗಾಗುತ್ತದೆ. ಅವಳು ಮೂಗು ಒರೆಸಿಕೊಂಡು ಡ್ರೈಯರನ್ನು ಮತ್ತೆ ಹಾಕಿದಳು.

ಮಧ್ಯಾಹ್ನದ ಬಿಸಿಲು ಆ ಗೋಡೆಗೆ ತಾಗುವ ಹೊತ್ತಿಗೆ ಪೈಪಿನೊಳಗೆ ಏನೋ ಕಟಕಟ ಅಂದಿತು. ನಲ್ಲಿ ಕೆಮ್ಮಿತು, ಉಗುಳಿತು, ಮಂಜಿನ ಚೂರುಗಳನ್ನು ಬಕೆಟ್ಟಿಗೆ ಕಾರಿತು. ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು ಧೋ ಅಂತ ಬಂತು. ಮಗಳು ಪೈಪಿನ ಉದ್ದಕ್ಕೂ ಬೆರಳು ಆಡಿಸಿ ಎಲ್ಲಾದರೂ ಸೋರುತ್ತಿದೆಯಾ ನೋಡಿದಳು. ಒಂದು ಕೀಲಿನಲ್ಲಿ ಸ್ವಲ್ಪ ಜಿನುಗುತ್ತಿತ್ತು, ಪ್ಲಂಬರು ಬಂದಾಗ ಇದನ್ನು ತೋರಿಸಬೇಕು ಅಂದಳು. ಉಳಿದದ್ದೆಲ್ಲ ಗಟ್ಟಿ ಇತ್ತು. ನಾನು ಕೆಳಗಿನವರಿಗೆ ಕೇಳಲಿ ಅಂತ ಮೆಟ್ಟಿಲ ಬಾಯಿಯಲ್ಲಿ ನಿಂತು, ಉಮ್ಮ, ಮೋಯ ಅಂತ ಕೂಗಿದೆ. ನೀರಿಗೆ ಅರಬಿಯಲ್ಲಿ ಹಾಗನ್ನುತ್ತಾರೆ ಅಂತ ಮಗಳು ಆಗಷ್ಟೇ ಹೇಳಿಕೊಟ್ಟಿದ್ದಳು. ಕೆಳಗಿನಿಂದ ಉಮ್ಮ ದೇವರನ್ನು ಹೊಗಳಿದ್ದು ಕೇಳಿಸಿತು.

ಪೈಪಿಗೆ ಮತ್ತೆ ಚಳಿ ತಾಗದ ಹಾಗೆ ಏನಾದರೂ ಸುತ್ತಬೇಕಿತ್ತು. ಕಪಾಟಿನಲ್ಲಿ ನನ್ನ ಹತ್ತಿ ಸೀರೆಗಳು ಮಡಿಕೆ ಬಿಚ್ಚದೆ ಬಿದ್ದಿದ್ದವು, ಆ ಊರಿನಲ್ಲಿ ಅವು ಬೇರೆ ಯಾವ ಕೆಲಸಕ್ಕೆ? ಒಂದನ್ನು ಉದ್ದಕ್ಕೆ ಹರಿದು, ಒಂದು ತುದಿ ಹಿಡಿದುಕೋ ಅಂತ ಅವಳ ಕೈಗೆ ಕೊಟ್ಟು, ಎಳೆದು ಎಳೆದು, ಪದರದ ಮೇಲೆ ಪದರ ಬರುವ ಹಾಗೆ ಪೈಪಿಗೆ ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿದೆ. ಮಗಳು ಅದನ್ನು ನೋಡಿದಳು, ತನ್ನ ಹೊಟ್ಟೆಗೆ ನಾನು ಸುತ್ತಿದ್ದ ಸೀರೆಯನ್ನು ಮುಟ್ಟಿ ನೋಡಿಕೊಂಡಳು. ಅಮ್ಮ, ಇದಕ್ಕೂ ಬಾಣಂತನವಾ ಅಂದಳು. ಅಂದು, ಕಿಸಕ್ಕನೆ ನಕ್ಕಳು. ನಾನು, ಹೌದು, ಇನ್ನು ಇದಕ್ಕೂ ಮೆಂತೆ ಗಂಜಿ ಕುಡಿಸುತ್ತೇನೆ ಅಂದೆ.

ಸ್ನಾನ ತಪ್ಪಲಿಲ್ಲ. ಹೊತ್ತು ಮೀರಿತ್ತು, ಆದರೂ ಬಿರಿಯಾನಿ ಪಾತ್ರೆ ತುಂಬ ನೀರು ಕಾಯಿಸಿ, ತೋಳು ಬೀಳುವವರೆಗೆ ಹೊಯ್ದೆ. ಆ ದಿನ ಅವಳು ನೀರಿನ ಅಡಿಯಲ್ಲಿ ಅಳಲಿಲ್ಲ. ಅಮ್ಮ, ಸೊಂಟಕ್ಕೆ ಇನ್ನೂ ನಾಲ್ಕು ಹೊಯ್ಯಿ ಅಂತ ಕೇಳಿ ಹೊಯ್ಯಿಸಿಕೊಂಡಳು. ಮಿಂದಾದ ಮೇಲೆ ಬಚ್ಚಲಿನ ಗೋಡೆಯೆಲ್ಲ ಬೆವರಿ ಇಳಿಯುತ್ತಿತ್ತು. ನನ್ನ ಕೈ ತಾನಾಗಿ ಕಿಟಕಿಗೆ ಹೋಯಿತು. ಎಳೆದುಕೊಂಡೆ. ಬೂಸಲು ಹಿಡಿದರೆ ಹಿಡಿಯಲಿ, ಆಮೇಲೆ ತಿಕ್ಕಿದರಾಯಿತು ಅಂದುಕೊಂಡೆ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅಂತ ಯಾರೂ ತಿಳಿಯಬೇಡಿ. ಹೇಳಿದ ಹಾಗೆ ಡಾಕ್ಟರಮ್ಮನ ಹತ್ತಿರ ಹೋದೆವು, ಮಗಳೇ ಬಾಯಿಬಿಟ್ಟು ಹೇಳಿದಳು, ಔಷಧಿಯೂ ಶುರುವಾಯಿತು. ಮತ್ತೆ ಗೋಡೆಗೆ ಮುಖ ಮಾಡಿದ ದಿನಗಳೂ ಇದ್ದವು. ಆದರೆ ಅದೆಲ್ಲ ಆಮೇಲಿನ ಮಾತು. ನನಗೆ ಮರೆಯಲಾಗದ್ದು ಪೈಪು ಬಿಟ್ಟ ಮಾರನೆಯ ಸಂಜೆ.

ಹಿಂದಿನ ದಿನದಿಂದಲೇ ಮನೆಯ ಎಲ್ಲ ನಲ್ಲಿಗಳನ್ನೂ ಉಮ್ಮ ಹೇಳಿದ ಹಾಗೆ ನೂಲಿನಷ್ಟು ತೆರೆದಿಟ್ಟು, ಕೆಳಗೆ ಬಕೆಟ್ಟು ಇಟ್ಟಿದ್ದೆವು. ಬಿದ್ದ ನೀರು ಬಟ್ಟೆ ಒಗೆಯಲು ಆಗುತ್ತಿತ್ತು, ಹಾಗಾಗಿ ನನ್ನ ಜೀವಕ್ಕೂ ಅಷ್ಟು ಚುಚ್ಚಲಿಲ್ಲ. ದಾರಿಯ ಮಂಜು ತೆರವಾಗಿ, ಅಳಿಯ ಗಣಿಯಿಂದ ಬಂದರು. ದಾರಿಯುದ್ದಕ್ಕೂ ಚಿಂತೆ ಮಾಡಿಕೊಂಡು ಬಂದ ಮುಖ. ಪೈಪಿಗೆ ಸುತ್ತಲು ಸ್ಪಂಜಿನ ಕೊಳವೆಗಳನ್ನೂ ತಂದಿದ್ದರು. ಬೂಟು ಬಿಚ್ಚಿ, ಕೈ ತೊಳೆಯಲು ಅಡುಗೆಮನೆಗೆ ಹೋದರು. ಅಲ್ಲಿ ನಲ್ಲಿ ಸೋರುವುದು ಕಂಡದ್ದೇ, ಅಭ್ಯಾಸಬಲ ನೋಡಿ, ಕೈ ಸೀದಾ ಅದನ್ನು ಬಿಗಿ ಮಾಡಲು ಹೋಯಿತು.

“ಅದನ್ನು ಮುಚ್ಬೇಡಿ. ಓಡ್ತಾ ಇರ್ಲಿ.”

ಕೋಣೆಯ ಒಳಗಿನಿಂದ ಬಂತು ಆ ಸ್ವರ, ಮಿಕ್ಸಿ ಹಾಳಾದರೆ ನನಗೆ ಕ್ಲಾಸು ತೆಗೆದುಕೊಳ್ಳುತ್ತಿದ್ದ ಅದೇ ಸ್ವರ. ಅಳಿಯ ಬಿಸಿ ತಾಗಿದವರ ಹಾಗೆ ಕೈ ಹಿಂದೆ ಎಳೆದುಕೊಂಡರು. ನನ್ನ ಮುಖ ನೋಡಿದರು. ಅವರ ಕಣ್ಣು ತುಂಬಿತ್ತು. ಅಷ್ಟರಲ್ಲಿ ನಲ್ಲಿ ಮುಚ್ಚಿದರೋ ಇಲ್ಲವೋ ಅಂತ ನೋಡಲು ಅವಳೇ ಬಾಗಿಲಿಗೆ ಬಂದಳು. ಅವಳ ಹೆಗಲ ಮೇಲೆ ಕೂಸಿತ್ತು. ನಾನು ಆಗಿನಿಂದ ಅಡುಗೆಮನೆಯಲ್ಲೇ ಇದ್ದೆ, ಅದನ್ನು ಎತ್ತಿ ಕೊಟ್ಟದ್ದು ನಾನಲ್ಲ.